ಗಾಳಿಯ ಮೋಜಣಿ

ಹೊಲದ ಬದುವಿನ ತಂಟೆ ಎದ್ದರೆ ನಮ್ಮ ಹಾನಗಲ್ಲ ತಾಲೂಕಿನಲ್ಲಿ ಮೋಜಣಿಗೆ ಅರ್ಜಿ ಹಾಕುತ್ತಾರೆ. ಭೂಮಾಪಕರು ಬಂದು ಅಳೆದು, ಕಲ್ಲು ನೆಡಿಸಿ ಹೋಗುತ್ತಾರೆ. ಜಗಳ ಅಲ್ಲಿಗೆ ಮುಗಿಯುತ್ತದೆ, ಇಲ್ಲವೇ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಆದರೆ ಈಚೆಗೆ ಆಡೂರಿನಂಥ ಊರಿನಲ್ಲೂ ಹುಟ್ಟಿಕೊಂಡಿರುವ ಹೊಸ ತಂಟೆಗೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ. “ಪಡಸಾಲ್ಯಾಗ ವೈಫೈ ಬರತೈತಿ, ಅಡಗಿ ಮನ್ಯಾಗ ಬರೂದಿಲ್ಲ.” “ಅಟ್ಟದ ಮ್ಯಾಲ ನಿಂತ್ರ ಎರಡ ಕಡ್ಡಿ, ಕುಂತ್ರ ಒಂದೂ ಇಲ್ಲ.” “ರೊಕ್ಕಾ ತುಂಬೋರು ನಾವು, ವೈಫೈ ಛಲೋ ಬರೂದು ಮಗ್ಗಲ ಮನಿಗೆ!” ಭೂಮಿಯಾದರೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಾಗುತ್ತದೆ. ಗಾಳಿಯಲ್ಲಿರುವ ಈ ಆಸ್ತಿಗೆ ಬದುವೂ ಇಲ್ಲ, ಉತಾರವೂ ಇಲ್ಲ.

ಇಂಥ ದೂರು ಕೇಳುವ ಹುದ್ದೆಗೆ ಯಾರೂ ನೇಮಕಾತಿ ಆದೇಶ ಕೊಡುವುದಿಲ್ಲ. ರೂಟರಿನ ವೈರು ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಲು ಬಂದವನೇ ಓಣಿಯ ಎಂಜಿನಿಯರು. ನನಗೂ ಆ ಪಟ್ಟ ಹೀಗೆಯೇ ಬಂತು. ಮೊದಲೆಲ್ಲ ಮದುವೆ, ಮುಂಜಿವೆಗಳಲ್ಲಿ ಸಿಕ್ಕವರು “ಯಾವ ರೂಟರ್ ತಗೊಳ್ಳೂಣ್ರಿ?” ಎಂದು ಕೇಳುತ್ತಿದ್ದರು. ಈಗ ಪ್ರಶ್ನೆ ಒಂದು ಮೆಟ್ಟಿಲು ಮೇಲೇರಿದೆ: “ಸಿಗ್ನಲ್ ಅಳಿಯೂದು ಏನೋ ಸಣ್ಣ ಮಷೀನ್ ಸಿಗತಾವಂತಲ್ರಿ, ಕೈಯಾಗ ಹಿಡಕೊಂಡು ತಿರಗಾಡೂದು. ಕಡಿಮಿ ರೇಟಿಂದು ಯಾವುದೈತಿ?” ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಬರೆದಿಡುವುದು ಲೇಸು.

ನಿಜವಾದ ಮಷೀನುಗಳು ಇಲ್ಲವೆಂದಲ್ಲ. ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆ, ಐಟಿ ಕಂಪನಿಗಳ ವೈಫೈ ಅಳೆಯುವವರ ಹತ್ತಿರ ಎಕಹಾವ್ ಸೈಡ್‌ಕಿಕ್, ನೆಟ್‌ಅಲೈ ಏರ್‌ಚೆಕ್ ಎಂಬ ಉಪಕರಣಗಳಿರುತ್ತವೆ. ಬೆಲೆ ಲಕ್ಷದ ಲೆಕ್ಕದಲ್ಲಿ. ಒಳ್ಳೆಯ ಸಾಧನಗಳು, ಸಂಶಯವಿಲ್ಲ. ಆದರೆ ಅಡುಗೆ ಮನೆಯಲ್ಲಿ ವೈಫೈ ಯಾಕೆ ಬರುವುದಿಲ್ಲ ಎಂದು ತಿಳಿಯಲು ಅವನ್ನು ತರಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಬಡವರ ಮೋಜಣಿಗೂ ಒಂದು ಚರಿತ್ರೆ ಇದೆ. 2001ರಲ್ಲಿ ಮೇರಿಯಸ್ ಮಿಲ್ನರ್ ಎಂಬವರು ನೆಟ್‌ಸ್ಟಂಬ್ಲರ್ ಎಂಬ ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ಸುತ್ತಮುತ್ತ ಯಾವ ಯಾವ ವೈಫೈ ಇದೆ, ಎಷ್ಟು ಜೋರಾಗಿದೆ ಎಂದು ಅದು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿತ್ತು. ಅದರ ಮರಿ, ಮಿನಿಸ್ಟಂಬ್ಲರ್, ಕಾಂಪ್ಯಾಕ್ ಐಪ್ಯಾಕ್‌ನಂಥ ಅಂಗೈ ಕಂಪ್ಯೂಟರುಗಳಲ್ಲಿ ಓಡುತ್ತಿತ್ತು. ವೈಫೈ ಕಾರ್ಡು ಚುಚ್ಚಿದ ಐಪ್ಯಾಕ್ ಕೈಯಲ್ಲಿ ಹಿಡಿದು ಅಮೆರಿಕ, ಯುರೋಪಿನ ಹುಡುಗರು ಬೀದಿ ಸುತ್ತಿದರು. 2005ರಲ್ಲಿ ನೋಕಿಯಾ 770 ಎಂಬ ಲಿನಕ್ಸ್ ಟ್ಯಾಬ್ಲೆಟ್ ಬಂದಾಗ ಕೈಗೆಟಕುವ ಬೆಲೆಯ ಉಪಕರಣ ಬೇಕೆನ್ನುವವರು ಅದನ್ನು ಮೆಚ್ಚಿದರು. ಆ ಕಾಲಕ್ಕೆ ಅವೆಲ್ಲ ದೊಡ್ಡ ಸಾಮಾನು. ಇಂದು ಗುಜರಿಯವನೂ ತೂಕಕ್ಕೆ ಹಾಕಿಕೊಳ್ಳಲು ಹಿಂದೆಮುಂದೆ ನೋಡುತ್ತಾನೆ. ಅವು ಮಾಡುತ್ತಿದ್ದ ಕೆಲಸವನ್ನೆಲ್ಲ ನಮ್ಮ ಕಿಸೆಯ ಮೊಬೈಲು ನುಂಗಿ ಕೂತಿದೆ.

ಆದರೆ ಕೈಯಲ್ಲಿ ಯಂತ್ರ ಹಿಡಿದು ಸಿಗ್ನಲ್ ಹುಡುಕುವ ವಿದ್ಯೆ ನಮ್ಮ ಊರುಗಳಿಗೆ ಅಮೆರಿಕದಿಂದ ಬರಬೇಕಿರಲಿಲ್ಲ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮುಂದೆ ಟ್ರಾನ್ಸಿಸ್ಟರ್ ರೇಡಿಯೋ ಹೊಲಕ್ಕೂ ಹೋಯಿತು. ಕೃಷಿ ವಾರ್ತೆ ಕೇಳುವ ಹಿರಿಯರು ರೇಡಿಯೋವನ್ನು ಸುಮ್ಮನೆ ಇಡುತ್ತಿರಲಿಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿ, ಗರಗರ ಸದ್ದು ನಿಂತ ಜಾಗದಲ್ಲಿ ಕೈಬಿಡುತ್ತಿದ್ದರು. ಅದರೊಳಗೆ ತಾಮ್ರದ ತಂತಿ ಸುತ್ತಿದ ಫೆರೈಟ್ ಕಡ್ಡಿ ಇರುತ್ತದೆ. ಆ ಕಡ್ಡಿ ನಿಲಯಕ್ಕೆ ಅಡ್ಡಲಾಗಿ ನಿಂತರೆ ದನಿ ಜೋರು. ಅದರ ತುದಿ ನಿಲಯದ ಕಡೆ ತಿರುಗಿದರೆ ದನಿ ಕ್ಷೀಣ. ಈ ಭೌತಶಾಸ್ತ್ರ ಯಾರೂ ಹೇಳಿಕೊಟ್ಟದ್ದಲ್ಲ. ಕೈಗೆ ಬಂದ ಯಂತ್ರವನ್ನು ತಿರುಗಿಸಿ, ಕಿವಿಯಿಂದ ಅಳೆದು, ಜಾಗ ಗೊತ್ತು ಮಾಡಿಕೊಂಡರು. ವೈಫೈ ಮೋಜಣಿಯ ಮೂಲ ಪಾಠವೂ ಇಷ್ಟೇ.

ಕಿವಿಯ ಬದಲು ಈಗ ಅಂಕಿ ಬಂದಿದೆ. ಅದರ ಹೆಸರು ಡಿಬಿಎಂ. ಕೇಳಿದರೆ ಹೆದರಿಕೆ, ಲೆಕ್ಕ ಸುಲಭ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. ಋಣ 10 ಎಂದರೆ ಅದರ ಹತ್ತರಲ್ಲೊಂದು ಪಾಲು, ಋಣ 20 ನೂರರಲ್ಲೊಂದು, ಋಣ 30 ಸಾವಿರದಲ್ಲೊಂದು. ಹೀಗೆಯೇ ಇಳಿದರೆ ಋಣ 70 ಎನ್ನುವುದು ಒಂದು ಮಿಲಿವ್ಯಾಟಿನ ಕೋಟಿಯಲ್ಲೊಂದು ಪಾಲು. ಆ ಕೋಟಿಯಲ್ಲೊಂದು ಪಾಲಿನಲ್ಲಿ ನಮ್ಮ ಮಕ್ಕಳು ಯೂಟ್ಯೂಬ್ ನೋಡುತ್ತಾರೆ! ರೂಟರಿನ ಪಕ್ಕದಲ್ಲಿ ನಿಂತರೆ ಋಣ 30ರ ಸುಮಾರು ತೋರಿಸುತ್ತದೆ. ವಿಡಿಯೋ ಕಾಲ್ ತಡವರಿಸದೆ ನಡೆಯಬೇಕಾದರೆ ಋಣ 67ಕ್ಕಿಂತ ಕೆಳಗಿಳಿಯಬಾರದು ಎನ್ನುವುದು ಈ ಕಸುಬಿನವರು ಒಪ್ಪಿಕೊಂಡ ಮಾತು. 80 ದಾಟಿದರೆ ವಾಟ್ಸ್ಯಾಪಿನ ಗಡಿಯಾರದ ಗುರುತು ತಿರುಗುತ್ತ ಕೂಡುತ್ತದೆ. 90 ಎಂದರೆ ಮುಗಿಯಿತು. ಮೊಬೈಲಿನ ನೆತ್ತಿಯ ಮೇಲಿನ ಕಡ್ಡಿಗಳನ್ನು ಮಾತ್ರ ನಂಬಬೇಡಿ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎನ್ನುವುದನ್ನು ಆಯಾ ಫೋನು ತಯಾರಿಸಿದವರು ತಮ್ಮ ಧಾರಾಳತನಕ್ಕೆ ತಕ್ಕಂತೆ ಗೊತ್ತು ಮಾಡಿರುತ್ತಾರೆ.

ಹಾಗಾದರೆ ಕೊಳ್ಳುವುದು ಏನನ್ನು? ನನ್ನ ಮೊದಲ ಉತ್ತರ: ಹಳೆಯ ಆಂಡ್ರಾಯ್ಡ್ ಫೋನು, ಅದರಲ್ಲೊಂದು ವೈಫೈ ಅನಲೈಸರ್ ಆ್ಯಪ್. ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕೆಂದಿಲ್ಲ, ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಒಂದು ಸುತ್ತು ಹಾಕಿದರೆ ಮೂರ್ನಾಲ್ಕು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಆದರೆ ಅಂಗಡಿಯವನು ಹೊಗಳುವ ಕ್ಯಾಮೆರಾ, ಮೆಮೊರಿ ಯಾವುದೂ ನಮಗೆ ಬೇಕಾಗಿಲ್ಲ. ನೋಡಬೇಕಾದವು ಬೇರೆ.

ಒಂದು, ಅದು 5 ಗಿಗಾಹರ್ಟ್ಸ್ ವೈಫೈಯನ್ನೂ ಹಿಡಿಯಬೇಕು. ಅಗ್ಗದ ಫೋನುಗಳು ಬಹಳಷ್ಟು 2.4 ಗಿಗಾಹರ್ಟ್ಸ್ ಒಂದನ್ನೇ ಕೇಳಿಸಿಕೊಳ್ಳುತ್ತವೆ. ಉಳಿದರ್ಧ ಜಗತ್ತಿಗೆ ಅವು ಕಿವುಡು. ವಿವರಪಟ್ಟಿಯಲ್ಲಿ ಬರೀ ‘ಬಿ, ಜಿ, ಎನ್’ ಇದ್ದರೆ ಕೆಳಗಿಡಿ, ‘ಎಸಿ’ ಇದ್ದರೆ ಕೈಗೆತ್ತಿಕೊಳ್ಳಿ. ಪಟ್ಟಿ ನಂಬಿಕೆ ಇಲ್ಲದಿದ್ದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ನಿಮ್ಮ ಫೋನಿನ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಇಟ್ಟು ಹಚ್ಚಿ, ಕೊಳ್ಳುವ ಫೋನಿಗೆ ಅದರ ಹೆಸರು ಕಂಡೀತೇ ನೋಡಿ. ಕಂಡರೆ ವ್ಯಾಪಾರ, ಇಲ್ಲದಿದ್ದರೆ ನಮಸ್ಕಾರ.

ಎರಡು, ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಮೇಲಿನದಿರಲಿ. ಇದಕ್ಕೊಂದು ಒಳಗುಟ್ಟಿದೆ. ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ 9ರಲ್ಲಿ ಒಂದು ಕಟ್ಟಳೆ ಬಂತು: ಯಾವ ಆ್ಯಪ್ ಆದರೂ ಎರಡು ನಿಮಿಷದಲ್ಲಿ ನಾಲ್ಕು ಸಲ ಮಾತ್ರ ವೈಫೈ ಹುಡುಕಬಹುದು. ನೀವು ಪಡಸಾಲೆಯಿಂದ ಅಡುಗೆ ಮನೆಗೆ ನಡೆದಿರುತ್ತೀರಿ, ಪರದೆ ಮಾತ್ರ ಇನ್ನೂ ಪಡಸಾಲೆಯ ಅಂಕಿಯನ್ನೇ ತೋರಿಸುತ್ತ ಕೂತಿರುತ್ತದೆ. 10ರಿಂದ ಮುಂದೆ ಡೆವಲಪರ್ ಆಯ್ಕೆಗಳಲ್ಲಿ ಈ ಕಟ್ಟಳೆಯನ್ನು ತೆಗೆಯುವ ಗುಂಡಿ ಇದೆ. ಲೊಕೇಶನ್ ಹಚ್ಚಿರಬೇಕು ಎನ್ನುವುದನ್ನೂ ಮರೆಯಬೇಡಿ. ಹಚ್ಚದಿದ್ದರೆ ಆ್ಯಪು ಖಾಲಿ ಪಟ್ಟಿ ತೋರಿಸುತ್ತದೆ, ನೀವು ಫೋನೇ ಕೆಟ್ಟಿತೆಂದು ತಿಳಿಯುತ್ತೀರಿ.

ಮೂರು, ನಮ್ಮ ಬಿಸಿಲಿಗೆ ಪರದೆ ಕಾಣಬೇಕು. ನಾಲ್ಕು, ಬ್ಯಾಟರಿ ಉಬ್ಬಿರಬಾರದು. ಫೋನನ್ನು ಮೇಜಿನ ಮೇಲೆ ಮಲಗಿಸಿ ಬುಗುರಿಯಂತೆ ತಿರುಗಿಸಿ, ಸರಾಗ ತಿರುಗಿದರೆ ಬೆನ್ನು ಉಬ್ಬಿದೆ ಎಂದರ್ಥ. ಐದು, ಅಮೆರಿಕದಲ್ಲಿ ಬಳಸಿ ಬಿಟ್ಟ ಫೋನಾದರೆ ಸ್ವಲ್ಪ ಎಚ್ಚರ. ಅಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ 11 ಚಾನೆಲ್ ಬಳಸುತ್ತಾರೆ, ನಮ್ಮಲ್ಲಿ 13. ಕೊನೆಯ ಎರಡು ಅದಕ್ಕೆ ಕಾಣದೆ ಹೋಗಬಹುದು.

ಮನೆಯಲ್ಲಿ ಐಫೋನ್ ಇದ್ದವರು ಕೇಳುತ್ತಾರೆ, “ಇದರಾಗ ಆಗೂದಿಲ್ಲೇನ್ರಿ, ಇಷ್ಟ್ ತುಟ್ಟಿ ಫೋನು?” ಆಗುವುದು ಅಷ್ಟಕ್ಕಷ್ಟೇ. ಸುತ್ತಲಿನ ವೈಫೈಗಳ ಪಟ್ಟಿಯನ್ನು ಹೊರಗಿನ ಆ್ಯಪುಗಳಿಗೆ ಆಪಲ್ ಕಂಪನಿ ಕೊಡುವುದಿಲ್ಲ. ಅವರದೇ ಏರ್‌ಪೋರ್ಟ್ ಯುಟಿಲಿಟಿ ಎಂಬ ಆ್ಯಪ್ ಹಾಕಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ಯಾನರ್ ಹಚ್ಚಿದರೆ ಒಂದಿಷ್ಟು ಕಾಣಿಸುತ್ತದೆ. ಲಕ್ಷದ ಫೋನು ಮಾಡದ ಕೆಲಸವನ್ನು ಮೂರು ಸಾವಿರದ ಫೋನು ಮಾಡುವಾಗ ಆಗುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಯಂತ್ರ ಕೈಗೆ ಬಂದ ಮೇಲೆ ನಡೆಯುವ ಕೆಲಸ. ಇಲ್ಲಿ ಹಳೆಯ ಮೋಜಣಿಯೇ ಗುರು. ನಮ್ಮ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ ಬಂದದ್ದು 33 ಅಡಿಯ ಸರಪಳಿ; ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಳೆದರೆ ಗುಂಟೆ. 40 ಗುಂಟೆಗೆ ಎಕರೆ. ಈ ಗುಂಟೆಯ ಚೌಕ ಬಯಲಿನ ಸಿಗ್ನಲ್ ಮೋಜಣಿಗೆ ಹೇಳಿ ಮಾಡಿಸಿದ ಅಳತೆ. ಗುಂಟೆಗೊಂದು ಕಡೆ ನಿಂತು ಅಂಕಿ ಬರೆದುಕೊಂಡರೆ ಸಾಕು. ಮನೆಯೊಳಗಾದರೆ ಪ್ರತಿ ಕೋಣೆಯ ನಡುವೆ ಒಂದು, ಮೂಲೆಗೊಂದು. ಮಕ್ಕಳ ಚೌಕಳಿ ನೋಟುಬುಕ್ಕಿನ ಹಾಳೆ, ಮೂರು ಬಣ್ಣದ ಪೆನ್ಸಿಲ್. 67ರ ಒಳಗಿದ್ದರೆ ಹಸಿರು, 80ರ ತನಕ ಹಳದಿ, ಆಚೆ ಕೆಂಪು. ಲಕ್ಷದ ಸಾಧನವೂ ಕೊನೆಗೆ ಬಿಡಿಸಿಕೊಡುವುದು ಇದೇ ಚಿತ್ರವನ್ನು.

ಒಂದು ಗ್ರಂಥಾಲಯದ ಚಿತ್ರ ನನ್ನ ಹತ್ತಿರ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಬಹಳ ಕಡೆ ‘ಅರಿವು ಕೇಂದ್ರ’ ಎಂಬ ಹಲಗೆ ಬಿದ್ದು, ಕಂಪ್ಯೂಟರು, ಇಂಟರ್ನೆಟ್ಟು ಬಂದವು. ನಾನು ಹೇಳುವ ಕಟ್ಟಡದಲ್ಲಿ ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ, ನೆಲದಿಂದ ಒಂದಡಿ ಮೇಲೆ, ಯಾರ ಕೈಗೂ ಸಿಗದಂತೆ ಇಟ್ಟಿದ್ದರು. ಮೇಲ್ವಿಚಾರಕರ ಮೇಜಿನ ಮೇಲೆ ಋಣ 50. ಮಕ್ಕಳು ಓದುವ ಮೇಜಿನ ಮೇಲೆ 74. ಹೊರಗಿನ ಕಟ್ಟೆಯ ಮೇಲೆ, ಅಂದರೆ ಸಂಜೆ ಎಲ್ಲರೂ ಕೂಡುವ ಜಾಗದಲ್ಲಿ, 86. ಪುಸ್ತಕದ ರ್‍ಯಾಕುಗಳೆಲ್ಲ ಉಕ್ಕಿನವು, ಒಂದರ ಹಿಂದೊಂದು ಪೊಲೀಸರಂತೆ ನಿಂತಿವೆ. ಅಲೆಗಳಿಗೆ ಅವುಗಳ ಸಂದಿಯಲ್ಲಿ ತೂರಲು ದಾರಿಯಿಲ್ಲ. ಹೊಸ ರೂಟರ್ ತರಿಸಬೇಕೆಂಬ ಠರಾವು ತಯಾರಾಗುತ್ತಿತ್ತು. ಹಾಳೆ ತೋರಿಸಿದ ಮೇಲೆ ಠರಾವು ನಿಂತಿತು. ಅದೇ ರೂಟರನ್ನು ಎದುರಿನ ಗೋಡೆಗೆ, ಏಳಡಿ ಎತ್ತರಕ್ಕೆ, ಕಿಟಕಿಯ ಬದಿಗೆ ಮೊಳೆ ಹೊಡೆದು ತೂಗುಹಾಕಲಾಯಿತು. ಕಟ್ಟೆಯ ಕೆಂಪು ಹಳದಿಗೆ ತಿರುಗಿತು, ಓದುವ ಮೇಜು ಹಸಿರಾಯಿತು. ಖರ್ಚು ಎರಡು ಮೊಳೆ, ಒಂದಿಷ್ಟು ವೈರು.

ಅಳೆಯುವಾಗ ಇನ್ನೊಂದು ನೋಟವನ್ನೂ ಆ್ಯಪು ಕೊಡುತ್ತದೆ: ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದಂತೆ ಮೂರಕ್ಕೇ ಜಾಗ: 1, 6, 11. ಓಣಿಯಲ್ಲಿ ಆರು ಮನೆಯವರೂ 6ರಲ್ಲೇ ಕೂತಿದ್ದರೆ ಎಲ್ಲರಿಗೂ ಕಡ್ಡಿ ತುಂಬಿರುತ್ತದೆ, ಯಾರಿಗೂ ಓಡುವುದಿಲ್ಲ. ನಿಮ್ಮದನ್ನು 1ಕ್ಕೋ 11ಕ್ಕೋ ಬದಲಿಸಿಕೊಳ್ಳಿ, ಮಗ್ಗಲ ಮನೆಯವರಿಗೂ ಹೇಳಿ. ಪಟ್ಟಿಯಲ್ಲಿ ಕಾಣುವ ಹೆಸರುಗಳನ್ನು ಓದುವುದೇ ಒಂದು ಮೋಜು. ದೇವರ ಹೆಸರು, ಮಗಳ ಹೆಸರು, ಕ್ರಿಕೆಟ್ ತಂಡದ ಹೆಸರು. ನಡುವೆ ಒಬ್ಬ ಪುಣ್ಯಾತ್ಮ ‘ಪಾಸ್‌ವರ್ಡ್ ಕೇಳಬ್ಯಾಡ್ರಿ’ ಎಂದು ಇಟ್ಟಿರುತ್ತಾನೆ. ಹೆಸರು ಓದುವುದು ಬೀದಿಯ ಬೋರ್ಡು ಓದಿದ ಹಾಗೆ, ತಪ್ಪಿಲ್ಲ. ಅಪ್ಪಣೆ ಇಲ್ಲದೆ ಇನ್ನೊಬ್ಬರ ವೈಫೈ ಒಳಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧವಾದೀತು. ಮೋಜಣಿದಾರ ಬದುವಿನ ಮೇಲೆ ನಡೆಯಬೇಕು, ಬೆಳೆಯೊಳಗೆ ಇಳಿಯಬಾರದು.

ಇನ್ನು ಹೊಲದ ಕಥೆ. ನಮ್ಮ ಸೀಮೆಯಲ್ಲಿ ಬೋರಿನ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವುದು ಈಗ ರೂಢಿ. ಅದರೊಳಗೊಂದು ಸಿಮ್ ಇರುತ್ತದೆ. ಮನೆಯಿಂದ ರಿಂಗ್ ಕೊಟ್ಟರೆ ಪಂಪು ಚಾಲೂ, ಇನ್ನೊಮ್ಮೆ ಕೊಟ್ಟರೆ ಬಂದ್. ತ್ರೀ-ಫೇಸ್ ಕರೆಂಟು ನಡುರಾತ್ರಿ ಬರುವ ಕಾಲದಲ್ಲಿ ಹಾವು ಚೇಳಿನ ಭಯವಿಲ್ಲದೆ ನೀರು ಹಾಯಿಸಲು ಇದು ದೊಡ್ಡ ಉಪಕಾರ. ಸಿಗ್ನಲ್ ಇದ್ದರೆ! ನಮ್ಮ ಕಾಕಾನ ಸ್ಟಾರ್ಟರು ಕೆಲವು ರಾತ್ರಿ ಏಳುತ್ತಿತ್ತು, ಕೆಲವು ರಾತ್ರಿ ಏಳುತ್ತಿರಲಿಲ್ಲ. ನಾನು ಫೋನು ಹಿಡಿದು ಬದುವಿನ ಮೇಲೆ ಅಡ್ಡಾಡುವುದನ್ನು ನೋಡಿ ಕಾಕಾ ಕೇಳಿದ:

“ಅಲ್ಲೋ ತಮ್ಮಾ, ಏನ ಹುಡಕಾಕ ಹತ್ತೀ?”

“ಸಿಗ್ನಲ್ ಎಲ್ಲೆ ಛಲೋ ಐತಿ ನೋಡಾಕ ಹತ್ತೇನಿ ಕಾಕಾ.”

“ಸಿಕ್ಕರ ಏನ ಮಾಡತಿ? ಬೋರ ಕಿತ್ತ ಅಲ್ಲಿಗೆ ಒಯ್ಯತೀಯೇನ?”

ನ್ಯಾಯವಾದ ಪ್ರಶ್ನೆ. “ಬೋರ ಬ್ಯಾಡ ಕಾಕಾ, ಆ್ಯಂಟೆನಾ ಒಯ್ದರ ಸಾಕು” ಎಂದೆ. ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯ ಒಳಗೇ ಬೆರಳುದ್ದದ ಆ್ಯಂಟೆನಾ ಮುದುಡಿ ಕೂತಿತ್ತು. ಪೆಟ್ಟಿಗೆಯ ಬಾಗಿಲು ಹಾಕಿದರೆ ಲೋಹದ ಗೋಡೆ ನಾಲ್ಕೂ ಕಡೆ. ವೈರಿರುವ ಆ್ಯಂಟೆನಾ ತಂದು ಹೊರಗೆ, ಬಿದಿರಿನ ಗಳದ ತುದಿಗೆ ಕಟ್ಟಿದ ಮೇಲೆ ಸ್ಟಾರ್ಟರಿನ ಮುನಿಸು ಇಳಿಯಿತು.

ಇಂಥ ಸ್ಟಾರ್ಟರಿಗೆ ಸಿಗುವ ಸಿಗ್ನಲ್ ಅಳೆಯಲು 5ಜಿ ಫೋನನ್ನು ಇದ್ದ ಹಾಗೆಯೇ ತೆಗೆದುಕೊಂಡು ಹೋದರೆ ಉಪಯೋಗವಿಲ್ಲ. ಅಗ್ಗದ ಸ್ಟಾರ್ಟರುಗಳು ಬಹುಮಟ್ಟಿಗೆ 2ಜಿಯವು. ನಿಮ್ಮ ಫೋನು 4ಜಿಯಲ್ಲಿ ಕಡ್ಡಿ ತುಂಬ ತೋರಿಸಿದರೂ ಸ್ಟಾರ್ಟರಿಗೆ ಅದು ಪರದೇಶ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಆದ್ದರಿಂದ ಆ ಸಿಮ್ಮನ್ನು 2ಜಿ ಸ್ಟಾರ್ಟರಿಗೆ ಹಾಕಿ ಕಾಯುವುದು ವ್ಯರ್ಥ. ಆಂಡ್ರಾಯ್ಡ್ ಫೋನಿನಲ್ಲಿ ಕರೆ ಮಾಡುವ ಕಡೆ *#*#4636#*#* ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಒಂದು ಪರೀಕ್ಷಾ ಪುಟ ತೆರೆಯುತ್ತದೆ. ಅಲ್ಲಿ ಜಿಎಸ್‌ಎಂ ಮಾತ್ರ (ಅಂದರೆ 2ಜಿ) ಎಂದು ಆರಿಸಿ, ಸ್ಟಾರ್ಟರಿಗೆ ಹಾಕುವ ಕಂಪನಿಯ ಸಿಮ್ಮನ್ನೇ ಹಾಕಿ ಅಳೆಯಿರಿ. ಆ ಪುಟ ತೆರೆಯದಿದ್ದರೆ ಸಾವಿರ, ಒಂದೂವರೆ ಸಾವಿರದ ಕೀಪ್ಯಾಡ್ ಫೋನೇ ಮೋಜಣಿಯ ಯಂತ್ರ. ಅಂಕಿ ತೋರಿಸದು, ನಿಜ. ಆದರೆ ಪಂಪಿನ ಪಕ್ಕದಲ್ಲಿ ಅದನ್ನು ಇಟ್ಟು, ಕರೆಂಟು ಬರುವ ಹೊತ್ತಿಗೇ ಮನೆಯಿಂದ ರಿಂಗ್ ಕೊಟ್ಟು ನೋಡಿದರೆ ಬೇಕಾದ ಉತ್ತರ ಸಿಗುತ್ತದೆ: ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ.

ಮನೆಯ ವೈಫೈಯನ್ನೇ ತೋಟದ ಮನೆಗೆ ಒಯ್ಯುವ ಉಮೇದಿನವರೂ ಇದ್ದಾರೆ, ಸಿಸಿ ಕ್ಯಾಮೆರಾ ಹಾಕಿಸಲಿಕ್ಕೆ. 2005ರಿಂದ 2.4 ಗಿಗಾಹರ್ಟ್ಸ್, 2018ರಿಂದ 5 ಗಿಗಾಹರ್ಟ್ಸ್ ಪಟ್ಟಿಯನ್ನು ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ ಹೊರಾಂಗಣದಲ್ಲೂ ಪರವಾನಗಿ ಇಲ್ಲದೆ ಬಳಸಬಹುದಾದ್ದರಿಂದ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಬೆಳೆಯದು. ಬೇಸಿಗೆಯಲ್ಲಿ ಅಳೆದು, ಎರಡು ತುದಿಗೆ ವೈಫೈ ಡಬ್ಬಿ ಕೂಡಿಸಿ, ಓಡುತ್ತದೆ ಎಂದು ಎಲ್ಲರಿಗೂ ತೋರಿಸುತ್ತಾರೆ. ಶ್ರಾವಣ ಬರುವ ಹೊತ್ತಿಗೆ ಗೋವಿನಜೋಳ ಆಳೆತ್ತರ ದಾಟಿರುತ್ತದೆ, ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ಹಸಿ ಎಲೆ ಎಂದರೆ ನೀರು. ನೀರು ಈ ಅಲೆಗಳನ್ನು ಕುಡಿಯುತ್ತದೆ. ಹಿರೇಕೆರೂರ ಕಡೆಯ ಗೋವಿನಜೋಳಕ್ಕೂ ಅದೇ ಮಾತು, ಹಾನಗಲ್ಲಿನ ಮಾವಿನ ತೋಪಿಗೂ ಅದೇ, ಸವಣೂರಿನ ಎಲೆಬಳ್ಳಿ ತೋಟಕ್ಕೂ ಅದೇ. ಕಣ್ಣಿಗೆ ಎದುರಿನ ಡಬ್ಬಿ ಕಂಡರೂ ಸಾಲದು. ಒಂದು ಕಿಲೋಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್ ಅಲೆ ನಟ್ಟನಡುವೆ ಸುಮಾರು ಐದೂವರೆ ಮೀಟರಿನಷ್ಟು ಸುತ್ತಲೂ ಮೈಚಾಚಿಕೊಂಡು ಹೋಗುತ್ತದೆ. ಅದರ ಶೇ. 60ರಷ್ಟಾದರೂ ತೆರವಿರಬೇಕು, ಅಂದರೆ ಕಣ್ಣಿನ ಗೆರೆಯ ಕೆಳಗೆ ಹನ್ನೊಂದು ಅಡಿ ಖಾಲಿ. ಎಂಟಡಿಯ ಬೆಳೆ ಸೇರಿಸಿದರೆ ಎರಡೂ ತುದಿಯಲ್ಲಿ ಇಪ್ಪತ್ತು ಅಡಿಯ ಕಂಬ ಬೇಕಾಯಿತು. ಆದ್ದರಿಂದ ಹೊಲದ ಮೋಜಣಿಯನ್ನು ಬೆಳೆ ನಿಂತಾಗ, ಸಾಧ್ಯವಾದರೆ ಮಳೆ ಬಿದ್ದ ಮರುದಿನ ಮಾಡಬೇಕು.

ಓದಿದ ಹುಡುಗರಿಗೆ ಫೋನಿನಿಂದ ತೃಪ್ತಿಯಾಗುವುದಿಲ್ಲ, ತಾವೇ ಏನಾದರೂ ಕಟ್ಟಬೇಕು. ಅವರಿಗೆ ಇಎಸ್‌ಪಿ32 ಇದೆ. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಚಿಪ್ಪು. ಬೋರ್ಡು ನಾಲ್ಕೈದು ನೂರು ರೂಪಾಯಿಗೆ ಸಿಗುತ್ತದೆ. ಪುಟ್ಟ ಪರದೆ, ಪವರ್ ಬ್ಯಾಂಕು ಸೇರಿಸಿದರೆ ಅಂಗೈಯಗಲದ ಅಳತೆಯಂತ್ರ ಸಿದ್ಧ. ಎಸ್ಸೆಸ್ಸೆಲ್ಸಿ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿಗಿಂತ ಇದು ಎಷ್ಟೋ ಮೇಲು. ಆದರೆ ಸಾಮಾನ್ಯ ಇಎಸ್‌ಪಿ32 ಕೇಳುವುದು 2.4 ಗಿಗಾಹರ್ಟ್ಸ್ ಮಾತ್ರ. ಇನ್ನು ವೈಫೈ ಅಲ್ಲದ ಗದ್ದಲ, ಅಂದರೆ ಮೈಕ್ರೋವೇವ್ ಒಲೆ, ನಿಸ್ತಂತು ಕ್ಯಾಮೆರಾಗಳ ಗಲಾಟೆ ಕಾಣಬೇಕೆಂದರೆ ಸ್ಪೆಕ್ಟ್ರಮ್ ಅನಲೈಸರ್ ಬೇಕು. ಕಿಸೆಯಲ್ಲಿ ಹಿಡಿಯುವ ಟೈನಿಎಸ್‌ಎ ಎಂಬುದು ಆ ಜಾತಿಯಲ್ಲಿ ಅಗ್ಗ. ಕೊಳ್ಳುವಾಗ ಗಮನವಿರಲಿ: ಅದರ ಸಣ್ಣ ಮಾದರಿ 960 ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ, ವೈಫೈ ಅದಕ್ಕೆ ಕಾಣುವುದೇ ಇಲ್ಲ. ಬೇಕಾದದ್ದು ಅಲ್ಟ್ರಾ, ಹತ್ತು ಸಾವಿರದ ಆಚೆಯ ಮಾತು. ಮೈಕ್ರೋವೇವ್ ಒಲೆಗಳೇ ಅಪರೂಪವಾದ ಊರಿನಲ್ಲಿ ಆ ಹಣವನ್ನು ಬ್ಯಾಂಕಿನಲ್ಲಿಡಬಹುದು.

ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು: “ಒಂದ ಜಾಗಾದಾಗ ನಿಂತು ಎರಡು ಫೋನ್ ಹಿಡಿದ್ರ ಎರಡು ಅಂಕಿ ತೋರಸ್ತಾವು. ಯಾವುದ ಖರೆ?” ಎರಡೂ ಖರೆ. ಫೋನಿನ ಆ್ಯಂಟೆನಾ, ಒಳಗಿನ ಚಿಪ್ಪು, ಹಿಡಿದ ಕೈ, ನಿಂತ ದಿಕ್ಕು ಎಲ್ಲದಕ್ಕೂ ಐದಾರು ಡೆಸಿಬೆಲ್ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಮೈಯೂ ನೀರಿನ ಚೀಲವೇ. ರೂಟರಿಗೆ ಬೆನ್ನು ಮಾಡಿದರೆ ಅಂಕಿ ಇಳಿಯುತ್ತದೆ. ಅದಕ್ಕೇ ಒಂದೇ ಫೋನು, ಒಂದೇ ಎತ್ತರ, ಒಂದೇ ಹಿಡಿತ ಇರಬೇಕು. ತುಟ್ಟಿ ಉಪಕರಣದ ಹೆಚ್ಚುಗಾರಿಕೆ ಇರುವುದು ಇಲ್ಲಿ: ಅದು ನಿಖರ. ಆದರೆ ಆ ನಿಖರತೆ ಯಾರಿಗೆ? ಗ್ರಂಥಾಲಯದ ಕಟ್ಟೆಯ ಮೇಲೆ ಕೂತು ಸ್ಕಾಲರ್‌ಶಿಪ್ ಅರ್ಜಿ ತುಂಬುವ ಹುಡುಗಿಯ ಕೈಯಲ್ಲಿ ಇರುವುದು ಅಣ್ಣ ಬಳಸಿ ಬಿಟ್ಟ, ಗಾಜು ಒಡೆದ, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಫೋನು. ಸೈಡ್‌ಕಿಕ್ಕಿಗೆ ಕೇಳಿಸುವುದೆಲ್ಲ ಅದಕ್ಕೆ ಕೇಳಿಸುವುದಿಲ್ಲ. ಮತ್ತೊಂದು ಸೂಕ್ಷ್ಮ: ರೂಟರಿನ ದನಿ ದೊಡ್ಡದು, ಫೋನಿನ ದನಿ ಸಣ್ಣದು. ರೂಟರ್ ಹೇಳಿದ್ದು ಫೋನಿಗೆ ಕೇಳಿಸಿದರೂ ಫೋನು ಹೇಳಿದ್ದು ರೂಟರಿಗೆ ಮುಟ್ಟದಿರಬಹುದು. ಕಡ್ಡಿ ಇದ್ದೂ ಅರ್ಜಿ ಹೋಗದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಅಂಕಿ ಬರೆದ ಮೇಲೆ ಅಲ್ಲೇ ನಿಂತು ಒಂದು ಫೋಟೋ ಕಳಿಸಿ ನೋಡಬೇಕು.

ಹೀಗಾಗಿ ನನ್ನ ಮಟ್ಟಿಗೆ ಅಳತೆಯ ಯಂತ್ರ ಆರಿಸುವ ಸೂತ್ರ ಒಂದೇ: ಯಾರಿಗಾಗಿ ಅಳೆಯುತ್ತೇವೋ ಅವರಲ್ಲಿ ಅತ್ಯಂತ ಬಡವರ ಕೈಯಲ್ಲಿರುವ ಫೋನಿನಿಂದ ಅಳೆಯಿರಿ. ಅದಕ್ಕೆ ಹಸಿರು ಬಂದರೆ ಊರಿಗೆಲ್ಲ ಹಸಿರು. 5 ಗಿಗಾಹರ್ಟ್ಸ್ ಇರುವ ಫೋನು ರೋಗ ಗುರುತಿಸಲಿಕ್ಕೆ. ಗುಣವಾಯಿತೇ ಎಂದು ನೋಡಲು ಆ ಒಡೆದ ಗಾಜಿನ ಫೋನು.

ಅಗ್ಗದ ಸಾಮಾನು ದೊಡ್ಡ ಕೆಲಸ ಮಾಡಿದ್ದಕ್ಕೆ ಊರಲ್ಲೇ ಸಾಕ್ಷಿ ಇದೆ. ನಮ್ಮ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಕಾಲದ ಶಾಸನ ಸಿಕ್ಕಿದೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿ ಅದನ್ನು ಪ್ರಕಟಿಸಿದರು. ಶಾಸನ ಹುಡುಕುವವರ ಕೈಯಲ್ಲಿ ಇರುತ್ತಿದ್ದ ಸಾಮಾನು ಏನು? ಒದ್ದೆ ಕಾಗದ, ಬಡಿಯುವ ಬ್ರಷ್ಷು, ಮಸಿ. ಕಲ್ಲಿಗೆ ಕಾಗದ ಹಚ್ಚಿ, ಬಡಿದು, ಮಸಿ ಒತ್ತಿದರೆ ಅಕ್ಷರ ಏಳುತ್ತಿದ್ದವು. ಕನ್ನಡ ನಾಡಿನ ಚರಿತ್ರೆಯ ಅರ್ಧ ಭಾಗ ಆ ಅಗ್ಗದ ಸಾಮಾನಿನಿಂದ ಬಂದದ್ದು. ತುಟ್ಟಿಯಾಗಿದ್ದದ್ದು ನಡಿಗೆ, ತಾಳ್ಮೆ ಮತ್ತು ಬರೆದಿಡುವ ಶಿಸ್ತು.

ಹೀಗೆ ನಡೆದು ಅಳೆದು ಬರೆದಿಡದಿದ್ದರೆ ಏನಾಗುತ್ತದೆ ಎನ್ನುವುದನ್ನು ಕರೋನಾ ಕಾಲ ತೋರಿಸಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿಗೆ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಸಿಗ್ನಲ್ ಆ ಜಾಗದಲ್ಲೇ ಬರುತ್ತದೆ ಎಂದು ಆ ಮನೆಯವರು ಮಳೆಯಲ್ಲಿ ಅಲೆದು ಕಂಡುಕೊಳ್ಳಬೇಕಾಯಿತು. ಪಂಚಾಯಿತಿಯ ಗೋಡೆಯ ಮೇಲೆ ಊರಿನ ಸಿಗ್ನಲ್ ನಕ್ಷೆ ಇದ್ದಿದ್ದರೆ ಆ ಚಿತ್ರದ ಜೊತೆಗೆ ಒಂದು ಅರ್ಜಿಯೂ ಓಡಾಡುತ್ತಿತ್ತು. ಅರ್ಜಿಯಲ್ಲಿ ಗೋಳಿನ ಬದಲು ಅಂಕಿ ಇರುತ್ತಿತ್ತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಬಂತು. 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಬಂದು, ಕಿರಾಣಿ ಅಂಗಡಿಯವನೂ ಪರವಾನಗಿ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು ಎಂದಾಯಿತು. ತಂತಿ ಪಂಚಾಯಿತಿಯ ಬಾಗಿಲ ತನಕ ಬಂದರೂ ಅಲ್ಲಿಂದ ಕಟ್ಟೆಯ ತನಕದ ನೂರು ಅಡಿಯನ್ನು ಅಳೆಯುವವರು ನಾವೇ ಆಗಬೇಕು.

ಒಂದು ಎಚ್ಚರಿಕೆ. ಸಿಗ್ನಲ್ ಇಲ್ಲದ ಕಡೆ ‘ಬೂಸ್ಟರ್’ ಎಂದು ಕೆಲವರು ಡಬ್ಬಿ ಮಾರುತ್ತಾರೆ. ಮೊಬೈಲ್ ಸಿಗ್ನಲ್ ಬೂಸ್ಟರನ್ನು ಅನುಮತಿ ಇಲ್ಲದೆ ಕೂಡಿಸುವುದು ಕಾನೂನುಬಾಹಿರ. ನಿಮಗೆ ಎರಡು ಕಡ್ಡಿ ಕೊಟ್ಟು ಊರಿನ ನಾಲ್ಕು ಕಡ್ಡಿ ಕಿತ್ತುಕೊಳ್ಳುವ ಸಾಮಾನು ಅದು. ಆ ದುಡ್ಡಿನಲ್ಲಿ ಎರಡು ಹಳೆಯ ಫೋನು ಬರುತ್ತವೆ.

ಅದನ್ನೂ ಕೊಳ್ಳುವ ಅವಸರ ಬೇಡ. ಮನೆಯ ತಿಜೋರಿಯಲ್ಲಿ ಬಟ್ಟೆಯ ಕೆಳಗೆ ಒಂದು ಹಳೆಯ ಫೋನು ಇದ್ದೇ ಇರುತ್ತದೆ. ಚಾರ್ಜಿಗೆ ಹಾಕಿ, ಪುಕ್ಕಟೆ ಸಿಗುವ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ, ಚೌಕಳಿ ಹಾಳೆ ಹಿಡಿದು ಮನೆ ಒಂದು ಸುತ್ತು ಹಾಕಿ. ಆಮೇಲೆ ನಿಮ್ಮೂರ ಗ್ರಂಥಾಲಯಕ್ಕೆ ಹೋಗಿ ಅದರ ನಕ್ಷೆಯನ್ನೂ ಬರೆದು, ತಾರೀಖು ಹಾಕಿ, ಗೋಡೆಗೆ ಅಂಟಿಸಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮಾತಾಡಿ.